ಹೋಟೆಲ್ ಬಾಗಿಲಿಗೆ ಮಾರ್ಕ್ಸ್ ಕಾರ್ಡ್: ಫೇಲಾದವರೂ ತೂಗುಹಾಕಬೇಕು

ಹೆದ್ದಾರಿ 66ರಲ್ಲಿ ಕಾರವಾರದಿಂದ ಭಟ್ಕಳದ ಕಡೆಗೆ ಹೊರಟವರಿಗೆ ಹಸಿವಾಗುವ ಹೊತ್ತಿಗೆ ಸರಿಯಾಗಿ ಊಟದ ಬೋರ್ಡುಗಳು ಸಾಲುಗಟ್ಟುತ್ತವೆ. ಮೀನೂಟ, ಶುದ್ಧ ಸಸ್ಯಾಹಾರಿ, ಫ್ಯಾಮಿಲಿ ರೆಸ್ಟೋರೆಂಟ್, ಧಾಬಾ. ಎಷ್ಟೋ ಬೋರ್ಡುಗಳ ಮೇಲೆ ‘ಶುಚಿ-ರುಚಿ’ ಅಂತ ಬರೆದಿರುತ್ತದೆ. ರುಚಿ ಹೇಗಿದೆ ಅನ್ನುವುದು ಮೊದಲ ತುತ್ತಿಗೇ ಗೊತ್ತಾಗುತ್ತದೆ. ಶುಚಿಯ ಕಥೆ ಗೊತ್ತಾಗಬೇಕಾದರೆ ಅಡುಗೆಮನೆಗೆ ನುಗ್ಗಬೇಕು, ಇಲ್ಲವೇ ರಾತ್ರಿ ಹೊಟ್ಟೆಯೇ ಹೇಳಬೇಕು.

ಅದಕ್ಕೇ ನಾವೆಲ್ಲ ಒಂದು ಉಪಾಯ ಕಂಡುಕೊಂಡಿದ್ದೇವೆ. ಹೊರಗೆ ಗಾಡಿ ಜಾಸ್ತಿ ನಿಂತಿದ್ದರೆ ಅಲ್ಲಿಗೇ ಹೋಗುವುದು. ಇದೇನೂ ದಡ್ಡತನವಲ್ಲ. ಜನ ಜಾಸ್ತಿ ಬಂದರೆ ಮಾಡಿದ್ದು ಬೇಗ ಖರ್ಚಾಗುತ್ತದೆ, ನಿನ್ನೆಯದು ಇವತ್ತಿಗೆ ಉಳಿಯುವುದಿಲ್ಲ. ಆದರೆ ಅದೇ ಗದ್ದಲದ ಹೊತ್ತಿನಲ್ಲಿ ತಟ್ಟೆ ಸರಿಯಾಗಿ ತೊಳೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಹಿತ್ತಲಿನ ಟಬ್ಬಿನಲ್ಲಿ ಅದೇ ಬೂದು ನೀರಿಗೆ ತಟ್ಟೆಗಳು ಮುಳುಗಿ ಏಳುತ್ತಲೇ ಇರುತ್ತವೆ. ನಿಂತ ಗಾಡಿ ಎಣಿಸಿದವರಿಗೆ ಆ ಟಬ್ಬು ಕಾಣುವುದಿಲ್ಲ.

ಆ ಟಬ್ಬನ್ನು ನಮ್ಮ ಪರವಾಗಿ ಯಾರಾದರೂ ನೋಡಿ ಬಂದು, ನೋಡಿದ್ದಕ್ಕೆ ಒಂದು ಅಂಕ ಕೊಟ್ಟು, ಆ ಅಂಕವನ್ನು ಬಾಗಿಲಲ್ಲೇ ಅಂಟಿಸಿದರೆ? ಹಲವು ದೇಶಗಳಲ್ಲಿ ಇದು ಈಗ ಮಾಮೂಲಿ. ಡೆನ್ಮಾರ್ಕಿನಲ್ಲಿ 2001ರಿಂದ ನಗುಮುಖದ ಚಿತ್ರ ಹಾಕುತ್ತಾರೆ, ಜೊತೆಗೆ ತಪಾಸಣಾ ವರದಿಯನ್ನೂ ಗಿರಾಕಿ ಓದುವಂತೆ ಅಂಟಿಸಬೇಕು. ಟೊರಾಂಟೊದಲ್ಲಿ ಹಸಿರು, ಹಳದಿ, ಕೆಂಪು. ನ್ಯೂಯಾರ್ಕ್‌ನಲ್ಲಿ 2010ರಿಂದ ಎ, ಬಿ, ಸಿ. ಸ್ಕಾಟ್ಲೆಂಡ್ ಬಿಟ್ಟು ಬ್ರಿಟನ್ನಿನ ಉಳಿದ ಕಡೆ ಸೊನ್ನೆಯಿಂದ 5ರವರೆಗೆ. ಅಲ್ಲಿನ ಸ್ಥಳೀಯ ಆಡಳಿತದ ಅಧಿಕಾರಿ ಹೇಳದೆ ಕೇಳದೆ ಬಂದು ಮೂರು ವಿಷಯ ನೋಡುತ್ತಾರೆ. ಆಹಾರವನ್ನು ಹೇಗೆ ಮುಟ್ಟುತ್ತಾರೆ, ಬೇಯಿಸುತ್ತಾರೆ, ಇಡುತ್ತಾರೆ ಅನ್ನುವುದು ಒಂದು. ಕಟ್ಟಡ ಮತ್ತು ಅಡುಗೆಮನೆಯ ಸ್ಥಿತಿ ಇನ್ನೊಂದು. ಮಾಲೀಕರು ಇದನ್ನೆಲ್ಲ ದಿನಾ ನಿಭಾಯಿಸುತ್ತಾರೆ ಅನ್ನುವ ಭರವಸೆ ಇದೆಯೇ ಅನ್ನುವುದು ಮೂರನೆಯದು. ಒಂದರಲ್ಲಿ ತೀರಾ ಹಿಂದೆ ಬಿದ್ದರೆ ಉಳಿದೆರಡು ಎಷ್ಟೇ ಚೆನ್ನಾಗಿದ್ದರೂ 5 ಸಿಗುವುದಿಲ್ಲ. ರುಚಿಗೆ, ಬಡಿಸುವವರ ನಗುಮುಖಕ್ಕೆ, ಎಸಿಗೆ ಅಂಕವೇ ಇಲ್ಲ.

ಬ್ರಿಟನ್ನಿನ ಕಥೆಯಲ್ಲಿ ನಮಗೆ ಬೇಕಾದ ಪಾಠ ಬೇರೆ ಕಡೆ ಇದೆ. ಒಂದೇ ಯೋಜನೆ, ಅವೇ ಅಂಕಗಳು. ಆದರೆ ವೇಲ್ಸ್‌ನಲ್ಲಿ 2013ರ ನವೆಂಬರ್‌ನಿಂದ ಅಂಕವನ್ನು ಬಾಗಿಲಲ್ಲಿ ತೋರಿಸುವುದು ಕಡ್ಡಾಯ. ತೋರಿಸದಿದ್ದರೆ ಸ್ಥಳದಲ್ಲೇ 200 ಪೌಂಡ್ ದಂಡ. ಫೋನ್ ಮಾಡಿ ಕೇಳಿದರೂ ಹೇಳಬೇಕು. ಉತ್ತರ ಐರ್ಲೆಂಡ್ 2016ರಲ್ಲಿ ಅದೇ ದಾರಿ ಹಿಡಿಯಿತು. ಇಂಗ್ಲೆಂಡಿನಲ್ಲಿ ಮಾತ್ರ ಅದು ಮಾಲೀಕರ ಇಷ್ಟಕ್ಕೆ ಬಿಟ್ಟ ವಿಷಯ. ಪರಿಣಾಮ ಊಹಿಸಬಹುದು ಅಲ್ವಾ? 5 ಬಂದವರು ಗಾಜಿಗೆ ಅಂಟಿಸುತ್ತಾರೆ, 1 ಬಂದವರು ಡ್ರಾಯರಿನಲ್ಲಿ ಇಡುತ್ತಾರೆ. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತದೆ, ನಿಜ. ಹಸಿದು ಬಾಗಿಲಲ್ಲಿ ನಿಂತವರು ಹುಡುಕುತ್ತಾರೆಯೇ?

ನಮ್ಮಲ್ಲೂ ಸ್ವಚ್ಛತಾ ರೇಟಿಂಗ್ ಇದೆ. ಎಷ್ಟು ಜನಕ್ಕೆ ಗೊತ್ತೋ ಕಾಣೆ. ಎಫ್‌ಎಸ್‌ಎಸ್‌ಎಐ, ಅಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಹೋಟೆಲುಗಳಿಗೆ 5 ಸ್ಮೈಲಿಯವರೆಗೆ ಕೊಡುವ ಯೋಜನೆ ನಡೆಸುತ್ತಿದೆ. ಬೇಕಾದವರು ಅರ್ಜಿ ಹಾಕಬಹುದು. ಮಾನ್ಯತೆ ಪಡೆದ ಖಾಸಗಿ ಆಡಿಟ್ ಸಂಸ್ಥೆ ಬಂದು ನೋಡಿ ಅಂಕ ಕೊಡುತ್ತದೆ, ಅದರ ಫೀಸನ್ನು ಹೋಟೆಲಿನವರೇ ಕೊಡಬೇಕು. ಅಂದರೆ ಪಾಸಾಗುವ ಧೈರ್ಯ ಇರುವವರು, ಫೀಸು ಕಟ್ಟುವ ಶಕ್ತಿ ಇರುವವರು ಪರೀಕ್ಷೆಗೆ ಕೂರುತ್ತಾರೆ. ಕಾರವಾರದ ಮಾರ್ಕೆಟ್ ಹತ್ತಿರದ ಖಾನಾವಳಿಯವರಾಗಲಿ, ಶಿರಸಿ ಬಸ್‌ಸ್ಟ್ಯಾಂಡ್ ಎದುರಿನ ಕ್ಯಾಂಟೀನಿನವರಾಗಲಿ ಯಾಕೆ ಕೂರುತ್ತಾರೆ? ಕೂರದಿದ್ದರೆ ಅವರಿಗೇನೂ ನಷ್ಟವಿಲ್ಲ. ಸ್ಮೈಲಿ ಇಲ್ಲದ ಗೋಡೆ ನೋಡಿ ಗಿರಾಕಿಗೆ ಏನೂ ಅರ್ಥವಾಗುವುದಿಲ್ಲ. ಕೊಳಕಿರಬಹುದು, ಅರ್ಜಿಯನ್ನೇ ಹಾಕದಿರಬಹುದು. ಇಂಥ ಯೋಜನೆ ಒಳ್ಳೆಯವರಿಗೆ ಒಂದು ಅಲಂಕಾರ ಕೊಡುತ್ತದೆ, ಕೆಟ್ಟವರನ್ನು ಮುಟ್ಟುವುದೇ ಇಲ್ಲ.

ಹಾಗಾದರೆ ಕೌಂಟರ್ ಹಿಂದೆ ದೇವರ ಫೋಟೋ ಪಕ್ಕ, ಊದುಬತ್ತಿ ಹೊಗೆಗೆ ಹಳದಿಯಾದ ಚೌಕಟ್ಟಿನಲ್ಲಿ ತೂಗುತ್ತಿರುವುದು ಏನು? ಅದು ಎಫ್‌ಎಸ್‌ಎಸ್‌ಎಐ ಪ್ರಮಾಣಪತ್ರ. 14 ಅಂಕಿಯ ನಂಬರ್ ಇರುತ್ತದೆ. ಮೊದಲಂಕಿ 1 ಆದರೆ ಲೈಸೆನ್ಸ್, 2 ಆದರೆ ಸಣ್ಣ ವ್ಯಾಪಾರದ ನೋಂದಣಿ. 2022ರ ಜನವರಿಯಿಂದ ಬಿಲ್ಲಿನ ಮೇಲೂ ಈ ನಂಬರ್ ಇರಬೇಕು. ಜನ ಇದನ್ನೇ ಸ್ವಚ್ಛತೆಯ ಸರ್ಟಿಫಿಕೇಟ್ ಅಂದುಕೊಳ್ಳುತ್ತಾರೆ. ಅದು ವ್ಯಾಪಾರ ಮಾಡಲು ಸಿಕ್ಕ ಅನುಮತಿ, ಅಷ್ಟೇ. ವರ್ಷಕ್ಕೆ 100 ರೂಪಾಯಿ ಕಟ್ಟಿ ನೋಂದಣಿ ಮಾಡಿಸಿದ ಗೂಡಂಗಡಿಯ ಹಿಂದೆ ನೀರು ಎಲ್ಲಿಂದ ಬರುತ್ತದೆ ಅನ್ನುವುದನ್ನು ಆ ನಂಬರ್ ಹೇಳುವುದಿಲ್ಲ.

ಇನ್ನೊಂದು ಸಂಗತಿ ನನಗೆ ಸೋಜಿಗ ಅನ್ನಿಸುತ್ತದೆ. ನಮಗೆ ಬೇಕಾದ ಮಾಹಿತಿ ಎಷ್ಟೋ ಸಲ ಈಗಾಗಲೇ ಸರ್ಕಾರದ ಕೈಯಲ್ಲಿರುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 32ನೇ ಕಲಮಿನಲ್ಲಿ ಸುಧಾರಣಾ ನೋಟಿಸ್ ಅಂತ ಇದೆ. ಅಂಕಿತಾಧಿಕಾರಿ, ಅಂದರೆ ಜಿಲ್ಲೆಯಲ್ಲಿ ಆಹಾರ ಸುರಕ್ಷತೆಯ ಹೊಣೆ ಹೊತ್ತ ಅಧಿಕಾರಿ, ಹೋಟೆಲಿನವರಿಗೆ ‘ಇಂತಿಂಥದ್ದು ಸರಿಯಿಲ್ಲ, ಸರಿಪಡಿಸಿ’ ಅಂತ ಬರೆದು ಕೊಡುತ್ತಾರೆ, ಕನಿಷ್ಠ 14 ದಿನ ಸಮಯ ಇರುತ್ತದೆ. ಕೊಳಕು ವಾತಾವರಣದಲ್ಲಿ ಆಹಾರ ತಯಾರಿಸಿದರೆ 56ನೇ ಕಲಮಿನಂತೆ 1 ಲಕ್ಷ ರೂಪಾಯಿವರೆಗೆ ದಂಡವೂ ಇದೆ. ಆದರೆ ನೋಟಿಸ್ ಹೋದ 14 ದಿನವೂ ಅದೇ ಹೋಟೆಲಿನಲ್ಲಿ ನಾವು ಊಟ ಮಾಡುತ್ತಿರುತ್ತೇವೆ. ಕಾಗದ ಅಧಿಕಾರಿಯ ಫೈಲಿನಲ್ಲಿ ಒಂದು, ಮಾಲೀಕರ ಡ್ರಾಯರಿನಲ್ಲಿ ಒಂದು. ತಟ್ಟೆ ಮುಂದೆ ಕೂತವರಿಗೆ ಸುದ್ದಿಯೇ ಇಲ್ಲ.

ಇಲಾಖೆ ಸುಮ್ನೆ ಕೂತಿದೆ ಅಂತಲ್ಲ. 2024ರಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಹಾಕುವ ಕೃತಕ ಬಣ್ಣ ನಿಷೇಧಿಸಿತು, ಆಮೇಲೆ ಕಬಾಬಿನದ್ದೂ ಆಯಿತು. 2025ರಲ್ಲಿ ಇಡ್ಲಿ ಬೇಯಿಸುವಾಗ ಪ್ಲಾಸ್ಟಿಕ್ ಹಾಳೆ ಬಳಸಬಾರದು ಅಂತ ಬಂತು. ಒಳ್ಳೆಯದೇ. ಆದರೆ ಇವೆಲ್ಲ ಸ್ಯಾಂಪಲ್ ತೆಗೆದು, ಲ್ಯಾಬಿಗೆ ಕಳಿಸಿ, ಒಂದು ವಸ್ತುವನ್ನು ನಿಷೇಧಿಸುವ ದಾರಿ. ಬಣ್ಣವಿಲ್ಲದ ಕಬಾಬನ್ನೂ ಕೈ ತೊಳೆಯದೆ ಬಡಿಸಬಹುದು.

ಉತ್ತರ ಕನ್ನಡಕ್ಕೆ ಈ ವಿಷಯ ಉಳಿದ ಜಿಲ್ಲೆಗಳಿಗಿಂತ ಹೆಚ್ಚು ತಟ್ಟುತ್ತದೆ ಅನ್ನುವುದು ನನ್ನ ವಾದ. ಕಾರಣ ಇಲ್ಲಿನ ಗಿರಾಕಿ. ಶಿರಸಿ ಪೇಟೆಯ ಒಂದು ಹಳೆಯ ಹೋಟೆಲನ್ನು ನೋಡಿ. ಬೆಳಿಗ್ಗೆ ಬರುವವರು ಅವರೇ, ಸಂಜೆ ಚಹಾಕ್ಕೆ ಬರುವವರೂ ಅವರೇ. ಚಟ್ನಿ ಹುಳಿ ಬಂದರೆ ಮಧ್ಯಾಹ್ನದೊಳಗೆ ಅಡಿಕೆ ಮಂಡಿಯಲ್ಲಿ ಸುದ್ದಿ. ಮಾಲೀಕರಿಗೆ ಆ ಭಯ ಇದೆ. ಗೋಕರ್ಣದ ಬೀಚಿಗೆ, ಮುರುಡೇಶ್ವರಕ್ಕೆ ಬಂದವರು ಹಾಗಲ್ಲ. ಒಂದು ಊಟ ಮಾಡಿ ಬಸ್ ಹತ್ತುತ್ತಾರೆ. ಹೊಟ್ಟೆ ಕೆಡುವುದು ಹುಬ್ಬಳ್ಳಿ ತಲುಪಿದ ಮೇಲೆ. ವಾಪಸ್ ಬಂದು ಜಗಳ ಮಾಡುವವರು ಯಾರು? ಇದು ಬರೀ ನನ್ನ ಊಹೆಯಲ್ಲ. ಲಾಸ್ ಏಂಜಲೀಸ್‌ನ ಹೋಟೆಲುಗಳ ಬಗ್ಗೆ ಜಿಂಜರ್ ಜಿನ್ ಮತ್ತು ಫಿಲಿಪ್ ಲೆಸ್ಲಿ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು: ಮತ್ತೆ ಮತ್ತೆ ಬರುವ ಗಿರಾಕಿ ಇರುವ ಕಡೆ ಅಂಕದ ಬೋರ್ಡು ಇಲ್ಲದೆಯೂ ಸ್ವಚ್ಛತೆ ಒಂದು ಮಟ್ಟಿಗೆ ಇರುತ್ತದೆ. ಬೋರ್ಡು ಬೇಕಾಗುವುದು ಹಾಗೆ ಬರುವವರಿಲ್ಲದ ಜಾಗದಲ್ಲಿ. ನಮ್ಮ ಹೆದ್ದಾರಿ ಮತ್ತು ಬೀಚು ಅಂಥ ಜಾಗಗಳು.

ಊರಿನವರ ಅಂದಾಜಿಗೂ ಮಿತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಹೋಟೆಲಿನ ಸ್ವಚ್ಛತೆಯನ್ನು ಬಹಳ ಜನ ಮಾಲೀಕರ ಜಾತಿ, ಧರ್ಮ ನೋಡಿ ತೀರ್ಮಾನ ಮಾಡುತ್ತಾರೆ. ‘ಭಟ್ಟರ ಹೋಟೆಲು, ಏನೂ ತೊಂದರೆ ಇಲ್ಲ’ ಅನ್ನುತ್ತಾರೆ. ಸಸ್ಯಾಹಾರಿ ಅಂದ ಕೂಡಲೇ ಮನಸ್ಸು ನಿರಾಳ. ಆದರೆ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾಕ್ಕೆ ಅಡುಗೆಯವರ ಕುಲ ಗೋತ್ರ ಗೊತ್ತಿಲ್ಲ. ಅದರ ಬೀಜಕಣ ಅನ್ನ ಬೇಯುವಾಗಲೂ ಸಾಯುವುದಿಲ್ಲ. ಮಧ್ಯಾಹ್ನದ ಅನ್ನವನ್ನು ಪಾತ್ರೆಯಲ್ಲೇ ಬಿಟ್ಟು ಮರುದಿನ ಚಿತ್ರಾನ್ನ ಮಾಡಿದರೆ ಅಷ್ಟರಲ್ಲಿ ಅದು ವಿಷ ಬಿಟ್ಟಿರಬಹುದು. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಾಗಿಲಿನ ಅಂಕಕ್ಕೆ ಈ ದೃಷ್ಟಿಯಿಂದಲೂ ಬೆಲೆ ಇದೆ. ಅದು ನೋಡುವುದು ಮಾಲೀಕರ ಹೆಸರನ್ನಲ್ಲ, ಪಾತ್ರೆಯನ್ನು.

ಹಾಗಾದರೆ ಇಲ್ಲಿ ಅಂಕ ಕೊಡುವವರು ಏನು ನೋಡಬೇಕು? ಕರಾವಳಿಯಲ್ಲಾದರೆ ಮೊದಲು ಬಂಗುಡೆ. ಖಾನಾವಳಿಯ ಹಿಂದಿನ ಜಗುಲಿಗೆ ಹೋಗಿ ನೋಡಿ. ಬೆಳಿಗ್ಗೆ ದಕ್ಕೆಯಿಂದ ಬಂದ ಥರ್ಮಾಕೋಲ್ ಪೆಟ್ಟಿಗೆ, ಮೇಲೆ ಒಂದು ಒದ್ದೆ ಗೋಣಿ. ಹತ್ತು ಗಂಟೆಗೆ ಐಸ್ ಚೂರು ಕಾಣುತ್ತದೆ. ಹನ್ನೆರಡಕ್ಕೆ ಮೂಲೆಯ ತೂತಿನಿಂದ ಕೆಂಪು ನೀರು ಸೋರುತ್ತದೆ. ಎರಡಕ್ಕೆ ಮೇಲಿನ ಸಾಲಿನ ಮೀನು ಕೈಗೆ ಬೆಚ್ಚಗೆ ಸಿಗುತ್ತದೆ. ಬಂಗುಡೆ, ತಾರ್ಲೆಯಂಥ ಮೀನು ಐಸಿಲ್ಲದೆ ಬೆಚ್ಚಗಾದರೆ ಅದರ ಮಾಂಸದಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಒಮ್ಮೆ ತಯಾರಾದರೆ ಕಾವಲಿ ಮೇಲೆ ಎಷ್ಟು ಹುರಿದರೂ ಅದು ಹೋಗುವುದಿಲ್ಲ, ಮತ್ತೆ ಐಸ್ ಹಾಕಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ‘ನಂಗೆ ಮೀನು ಅಲರ್ಜಿ’ ಅಂತ ಅಂದುಕೊಂಡು ಎಷ್ಟೋ ಜನ ಸುಮ್ಮನಾಗುತ್ತಾರೆ. ಮೀನಿನ ತೂಕದಷ್ಟೇ ತೂಕದ ಐಸ್ ಹಾಕಬೇಕು ಅನ್ನುವುದು ಬಿಸಿ ಸೀಮೆಯಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ಆ ಐಸನ್ನೂ ಕುಡಿಯುವ ನೀರಿನಿಂದಲೇ ಮಾಡಿರಬೇಕು. ಜೂನ್, ಜುಲೈನ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ದೂರದಿಂದ ಬಂದ ಮೀನು, ಫ್ರೀಜರಿನ ಮೀನು. ಮಳೆಗೆ ಕರೆಂಟೂ ಕೈ ಕೊಡುವ ಕಾಲ ಅದು. ಜನರೇಟರ್ ಇದೆಯೇ ಅಂತ ಕೇಳುವ ಪ್ರಶ್ನೆ ಬೆಂಗಳೂರಿನಲ್ಲಿ ಸಣ್ಣದಿರಬಹುದು, ಅಂಕೋಲೆಯಲ್ಲಿ ದೊಡ್ಡದು.

ಎಫ್‌ಎಸ್‌ಎಸ್‌ಎಐ ತಪಾಸಣಾ ಪಟ್ಟಿಯಲ್ಲಿ ಸ್ಟಾರ್ ಗುರುತಿನ ಕೆಲವು ಪ್ರಶ್ನೆಗಳಿವೆ. ಅದರಲ್ಲಿ ಒಂದಕ್ಕೆ ತಪ್ಪಿದರೂ ಉಳಿದದ್ದರಲ್ಲಿ ಎಷ್ಟೇ ಅಂಕ ಬಂದರೂ ಹೋಟೆಲು ಅನುತ್ತೀರ್ಣ. ಈ ಏರ್ಪಾಡು ನನಗೆ ತುಂಬ ಹಿಡಿಸುತ್ತದೆ. ಅದೇ ಪಟ್ಟಿಯಲ್ಲಿ ಇನ್ನೊಂದು ನಿಯಮ ಇದೆ: ಬೇಯಿಸಿದ್ದನ್ನು ಎತ್ತಿಡುವುದಾದರೆ 60 ಡಿಗ್ರಿಯಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮತ್ತೆರಡು ಗಂಟೆಯೊಳಗೆ ತಣಿಸಬೇಕು. ಕಾರವಾರದಲ್ಲಿ ಮೇ ತಿಂಗಳ ನಡುರಾತ್ರಿಯೂ 21 ಡಿಗ್ರಿಗೆ ಇಳಿಯುವುದಿಲ್ಲ. ಅಂದರೆ ‘ಆರಲಿ’ ಅಂತ ಸಾಂಬಾರನ್ನು ಕಟ್ಟೆ ಮೇಲೆ ಬಿಟ್ಟರೆ ಇಲ್ಲಿ ನಿಯಮ ಪಾಲನೆ ಸಾಧ್ಯವೇ ಇಲ್ಲ. ಅಗಲ ಪಾತ್ರೆಗೆ ಸುರಿದು, ಐಸ್ ನೀರಿನಲ್ಲಿಟ್ಟು, ಆಮೇಲೆ ಫ್ರಿಜ್ಜಿಗೆ ಹಾಕಬೇಕು. ಇದಕ್ಕಿಂತ ಸುಲಭ ದಾರಿ ಕಡಿಮೆ ಮಾಡಿ, ಖಾಲಿಯಾದ ಮೇಲೆ ‘ಊಟ ಮುಗಿದಿದೆ’ ಅಂತ ಬೋರ್ಡು ತಿರುಗಿಸುವುದು. ಹಳೆಯ ಖಾನಾವಳಿಯವರು ಅದನ್ನೇ ಮಾಡುತ್ತಾರೆ.

ನೀರಿನ ಮಾತೂ ಹಾಗೆಯೇ. ಪಟ್ಟಿಯ ಪ್ರಕಾರ ನೀರು ಐಎಸ್ 10500, ಅಂದರೆ ಕುಡಿಯುವ ನೀರಿನ ಭಾರತೀಯ ಮಾನದಂಡದ ಮಟ್ಟದ್ದಿರಬೇಕು, ಪರೀಕ್ಷೆಯ ದಾಖಲೆ ಇರಬೇಕು. ಬೇಸಿಗೆಯಲ್ಲಿ ಹೊಳೆಬಾಯಿ ಹತ್ತಿರದ ಬಾವಿಗಳು ಉಪ್ಪಾಗುತ್ತವೆ, ಟ್ಯಾಂಕರ್ ಬರುತ್ತದೆ. ಮಳೆಗಾಲದಲ್ಲಿ ಬಾವಿ ತುಂಬಿ, ಪಕ್ಕದ ಶೌಚಗುಂಡಿಯ ನೀರು ಸೇರುವ ಭಯ. ವರ್ಷಕ್ಕೊಮ್ಮೆ ಜನವರಿಯಲ್ಲಿ ತೆಗೆದ ಒಂದು ವರದಿ ತೋರಿಸಿದರೆ ಏನು ಗೊತ್ತಾಗುತ್ತದೆ?

ಇಲ್ಲಿ ಸಣ್ಣ ಹೋಟೆಲಿನವರ ಆತಂಕ ನ್ಯಾಯವಾದದ್ದು. ಅಂಕ ಅಂದ ಕೂಡಲೇ ಅವರ ಕಣ್ಣಿಗೆ ಬರುವುದು ಟೈಲ್ಸ್, ಸ್ಟೀಲ್ ಮೇಜು, ಫಾಲ್ಸ್ ಸೀಲಿಂಗ್. ಮಂಗಳೂರು ಹೆಂಚಿನ ಮಾಡು, ಸೌದೆ ಒಲೆ ಇರುವ ಮನೆಯ ಮುಂಭಾಗದಲ್ಲಿ ಗಂಡ ಹೆಂಡತಿ ಸೇರಿ ಮಧ್ಯಾಹ್ನ ಮೀನೂಟ ಹಾಕುತ್ತಾರೆ. ಅಲ್ಲಿ ಬೆಳಿಗ್ಗೆ ತಂದ ಮೀನು ಮೂರು ಗಂಟೆಗೆ ಮುಗಿಯುತ್ತದೆ, ಫ್ರಿಜ್ಜಿನ ಪ್ರಶ್ನೆಯೇ ಬರುವುದಿಲ್ಲ. ಪಕ್ಕದ ಎಸಿ ರೆಸ್ಟೋರೆಂಟಿನಲ್ಲಿ ಹೊಳೆಯುವ ನೆಲ, ಒಳಗೆ ಮೂರು ದಿನದ ಗ್ರೇವಿ ಬೇಸ್. ಗೋಡೆ ನೋಡಿ ಅಂಕ ಕೊಟ್ಟರೆ ಎರಡನೆಯವರು ಗೆಲ್ಲುತ್ತಾರೆ. ಕೈ, ನೀರು, ಐಸು, ಹೊತ್ತು ನೋಡಿ ಕೊಟ್ಟರೆ ಮೊದಲನೆಯವರು. ಸಾಬೂನು ಇರುವ ಕೈ ತೊಳೆಯುವ ನಲ್ಲಿಗೆ, ಹಸಿ ಮೀನಿಗೂ ತರಕಾರಿಗೂ ಬೇರೆ ಬೇರೆ ಚಾಕುವಿಗೆ ಲಕ್ಷಗಟ್ಟಲೆ ಬೇಕಾಗಿಲ್ಲ. ಹಣ ಎಣಿಸಿದ ಕೈಯಲ್ಲೇ ಹಪ್ಪಳ ಎತ್ತಿ ಹಾಕದಿರಲು ಏನೂ ಬೇಡ.

ಇನ್ನು ಎಲ್ಲರೂ ತಗ್ಗಿದ ದನಿಯಲ್ಲಿ ಹೇಳುವ ಮಾತು. ‘ಅಂಕ ಕಡ್ಡಾಯ ಮಾಡಿದರೆ ಅಧಿಕಾರಿಗಳ ಕೈ ಬೆಚ್ಚಗಾಗುತ್ತದೆ ಅಷ್ಟೇ.’ ಇದನ್ನು ತಳ್ಳಿಹಾಕಲು ಆಗುವುದಿಲ್ಲ. 3ನ್ನು 5 ಮಾಡುವ ಪೆನ್ನಿಗೆ ಬೆಲೆ ಬರುವುದು ಸಹಜ. ಇದಕ್ಕೆ ಮದ್ದು, ಅಂಕದ ಜೊತೆ ತಪಾಸಣೆಯ ಹಾಳೆಯನ್ನೇ ಅಂಟಿಸುವುದು, ಡೆನ್ಮಾರ್ಕಿನಂತೆ. ‘ಕೈ ತೊಳೆಯುವ ಜಾಗ: ಇದೆ’ ಅಂತ ಬರೆದಿದ್ದು, ಅಲ್ಲಿ ನಲ್ಲಿಯೇ ಇಲ್ಲದಿದ್ದರೆ ಗಿರಾಕಿಗೇ ಕಾಣುತ್ತದೆ, ಒಂದು ಫೋಟೋ ಸಾಕು. ಬರೀ 5 ಅಂತ ಅಂಟಿಸಿದರೆ ಯಾರಿಗೂ ಪ್ರಶ್ನೆ ಕೇಳಲು ಹಿಡಿತ ಸಿಗುವುದಿಲ್ಲ. ದಿನಾಂಕವೂ ದೊಡ್ಡದಾಗಿ ಇರಬೇಕು. ಎರಡು ವರ್ಷ ಹಿಂದಿನ 5, ಅಡುಗೆಯವರು ಬದಲಾದ ಅಡುಗೆಮನೆಗೆ ಸಂಬಂಧವೇ ಇಲ್ಲದ ಅಂಕ.

ಹೊರದೇಶದ ಅನುಭವವನ್ನು ಕಣ್ಣುಮುಚ್ಚಿ ಹೊಗಳುವ ಅಗತ್ಯವೂ ಇಲ್ಲ. ಲಾಸ್ ಏಂಜಲೀಸ್‌ನಲ್ಲಿ 1997ರಲ್ಲಿ ಟಿವಿಯವರು ಗುಪ್ತ ಕ್ಯಾಮೆರಾ ಇಟ್ಟು ಅಡುಗೆಮನೆಗಳನ್ನು ತೋರಿಸಿದ ಮೇಲೆ 1998ರಲ್ಲಿ ಅಕ್ಷರದ ಬೋರ್ಡು ಬಂತು. ಅದರಿಂದ ಆಹಾರಜನ್ಯ ಕಾಯಿಲೆಗೆ ಆಸ್ಪತ್ರೆ ಸೇರುವವರು ಸುಮಾರು 20% ಕಡಿಮೆಯಾದರು ಅಂತ ಅದೇ ಜಿನ್-ಲೆಸ್ಲಿ ಜೋಡಿ 2003ರಲ್ಲಿ ಬರೆಯಿತು. ಜಗತ್ತೆಲ್ಲ ಆ ಅಂಕಿಯನ್ನೇ ಎತ್ತಿ ಹೇಳಿತು. 2019ರಲ್ಲಿ ಬೇರೆ ಸಂಶೋಧಕರು ಅದೇ ಲೆಕ್ಕವನ್ನು ಮತ್ತೆ ಕೆದಕಿದರು. ಬೋರ್ಡು ಬರುವ ಮೊದಲು ಆ ಭಾಗದಲ್ಲಿ ಸಾಲ್ಮೊನೆಲ್ಲಾ ಹಾವಳಿ ಇತ್ತು, ಅದು ತಾನಾಗಿ ಇಳಿದದ್ದು ಬೋರ್ಡಿನ ಖಾತೆಗೆ ಜಮೆಯಾಗಿತ್ತು ಅನ್ನುವುದು ಅವರ ತಕರಾರು. ಇನ್ನು ನ್ಯೂಯಾರ್ಕ್‌ನಲ್ಲಿ ಬಹುಪಾಲು ಹೋಟೆಲುಗಳ ಮೇಲೆ ಎ ಅಕ್ಷರವೇ ಇದೆ. ಎಲ್ಲರೂ ಫಸ್ಟ್ ಕ್ಲಾಸ್ ಆದರೆ ಗಿರಾಕಿ ಆರಿಸುವುದು ಏನನ್ನು? ಕಾಯಿಲೆ ಇಷ್ಟು ಇಳಿಯುತ್ತದೆ ಅಂತ ಯಾರಾದರೂ ಭರವಸೆ ಕೊಟ್ಟರೆ ನಾನು ನಂಬುವುದಿಲ್ಲ. ಆದರೂ ಬೋರ್ಡು ಬೇಕು ಅನ್ನುತ್ತೇನೆ. ನಾನು ದುಡ್ಡು ಕೊಟ್ಟು ತಿನ್ನುವ ಅಡುಗೆಮನೆಯ ಬಗ್ಗೆ ಸರ್ಕಾರಕ್ಕೆ ಗೊತ್ತಿರುವುದು ನನಗೂ ಗೊತ್ತಾಗಬೇಕು. ಅದಕ್ಕೆ 20%ರ ಆಸರೆ ಬೇಕಿಲ್ಲ.

ಮೊಬೈಲಿನಲ್ಲಿ ತರಿಸುವ ಊಟದ ಬಗ್ಗೆ ಒಂದೇ ಮಾತು. ಆ್ಯಪಿನಲ್ಲಿ ಕಾಣುವ ನಕ್ಷತ್ರಗಳು ಗಿರಾಕಿಗಳು ಕೊಟ್ಟಿದ್ದು. ರುಚಿ, ಪ್ಯಾಕಿಂಗ್, ಬೇಗ ಬಂತೋ ಇಲ್ಲವೋ ಅನ್ನುವುದಕ್ಕೆ. ಅಡುಗೆಮನೆ ನೋಡಿದವರು ಅವರಲ್ಲಿ ಯಾರೂ ಇಲ್ಲ. ಸರ್ಕಾರಿ ಅಂಕ ಬಂದರೆ ಅದು ಆ್ಯಪಿನಲ್ಲೂ ಹೆಸರಿನ ಪಕ್ಕದಲ್ಲೇ ಇರಬೇಕು, ಕೆಳಗೆಲ್ಲೋ ಅಲ್ಲ.

ಜಾತ್ರೆಯದ್ದು ಬೇರೆ ಕಥೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ. ಮಿರ್ಚಿ ಭಜಿ, ಕಬ್ಬಿನ ಹಾಲು, ಐಸ್ ಗೋಲಾದ ತಾತ್ಕಾಲಿಕ ಅಂಗಡಿಗಳಿಗೆ ಜಾತ್ರೆ ಮುಗಿಯುವುದರೊಳಗೆ ಅಂಕ ಕೊಡಲು ಹೊರಟರೆ ನಗೆಪಾಟಲು. ಕಾನೂನಿನ ಪ್ರಕಾರ ತಾತ್ಕಾಲಿಕ ಅಂಗಡಿಗೂ ನೋಂದಣಿ ಬೇಕು. ಅಲ್ಲಿ ಮಾಡಬೇಕಾದದ್ದು ಅಂಗಡಿ ಹಾಕುವ ಮೊದಲು: ನಲ್ಲಿ ನೀರು, ಕೊಳಚೆ ಹೋಗುವ ದಾರಿ, ಪರೀಕ್ಷೆ ಮಾಡಿದ ಐಸು. ಇದನ್ನು ಒದಗಿಸಬೇಕಾದದ್ದು ಜಾಗ ಹರಾಜು ಹಾಕುವವರು, ಭಜಿ ಕರಿಯುವವರಲ್ಲ.

ಹನ್ನೆರಡು ತಾಲೂಕಿನ ಜಿಲ್ಲೆ ಇದು. ಕಾರವಾರದಿಂದ ಮುಂಡಗೋಡಿಗೆ ಹೋಗಿ ಬರುವುದರಲ್ಲೇ ಅಧಿಕಾರಿಯ ದಿನ ಮುಗಿಯುತ್ತದೆ. ಎಲ್ಲ ಕಡೆ ಒಮ್ಮೆಲೇ ಕಡ್ಡಾಯ ಮಾಡಿದರೆ ತಪಾಸಣೆ ಮೇಜಿನ ಮೇಲೇ ನಡೆದುಹೋಗುತ್ತದೆ. ಅದಕ್ಕೆ ಹೆದ್ದಾರಿ 66, ಗೋಕರ್ಣ, ಮುರುಡೇಶ್ವರ, ದಾಂಡೇಲಿಯ ರೆಸಾರ್ಟುಗಳಿಂದ ಶುರು ಮಾಡಲಿ. ಹಾದುಹೋಗುವ ಗಿರಾಕಿಯನ್ನೇ ನಂಬಿರುವವರು ಮೊದಲು. ಊರ ಒಳಗಿನ ಖಾನಾವಳಿಗೆ ಆಮೇಲೆ ಬರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮರುತಪಾಸಣೆ. ಬ್ರಿಟನ್ನಿನಲ್ಲಿ ಅಂಕ ಕಡಿಮೆ ಬಂದವರು ಮೇಲ್ಮನವಿ ಹಾಕಬಹುದು, ತಮ್ಮ ಉತ್ತರವನ್ನು ಪ್ರಕಟಿಸಲು ಕೊಡಬಹುದು, ಸರಿಪಡಿಸಿ ಮತ್ತೆ ಬನ್ನಿ ಅಂತ ಕರೆಯಬಹುದು. ಗೋಕರ್ಣದ ಬೀಚಿನ ಒಂದು ಶ್ಯಾಕಿಗೆ, ಅಂದರೆ ಗುಡಿಸಲು ಹೋಟೆಲಿಗೆ, ನವೆಂಬರಿನಲ್ಲಿ 2 ಬಂತು ಅಂದುಕೊಳ್ಳಿ. ಅವರು ವಾರದೊಳಗೆ ಫ್ರಿಜ್ ತಂದರು, ನಲ್ಲಿ ಹಾಕಿಸಿದರು. ಅಧಿಕಾರಿ ಮತ್ತೆ ಬಂದದ್ದು ಮಾರ್ಚಿನಲ್ಲಿ. ಅಷ್ಟರಲ್ಲಿ ಸೀಸನ್ ಮುಗಿಯಿತು, ಸಾಲ ಉಳಿಯಿತು. ಕಾಯ್ದೆಯಲ್ಲಿ ಹೋಟೆಲಿನವರಿಗೆ ಸರಿಪಡಿಸಲು ಕನಿಷ್ಠ 14 ದಿನ ಕೊಟ್ಟಂತೆ, ಮತ್ತೆ ಬಂದು ನೋಡಲು ಇಲಾಖೆಗೂ 14 ದಿನದ ಗಡುವು ಹಾಕಲಿ. ಆ ದಿನ ಮೀರಿದರೆ ಬಾಗಿಲಿನ ಹಾಳೆಯ ಮೇಲೆ ‘ಮರುತಪಾಸಣೆ ಬಾಕಿ, ಅರ್ಜಿ ಹಾಕಿದ ದಿನಾಂಕ ಇಂಥದ್ದು’ ಅಂತ ಮಾಲೀಕರೇ ಬರೆದುಕೊಳ್ಳಲು ಅವಕಾಶ ಇರಲಿ. ಆಗ ತಡ ಮಾಡಿದ್ದು ಯಾರು ಅನ್ನುವುದೂ ಗಿರಾಕಿಗೆ ಕಾಣುತ್ತದೆ.